ಶಿರ್ನಿ ಚೀಲ ತುಂಬುವ ಮುನ್ನ

ನಮ್ಮ ಕೊರೆಂಟೈನ್ ಕರಾವಳಿಯ ಊರುಗಳಲ್ಲಿ ಯಾರ ಮನೆಯಲ್ಲಿ ಕುರಾನ್ ಓದಿಸಿದರೂ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಊಟವಾದ ಮೇಲೆ ಬಾಗಿಲ ಬಳಿ ಒಬ್ಬೊಬ್ಬರ ಕೈಗೂ ಒಂದು ಬಿಳಿ ಕಾಗದದ ಚೀಲ ಬರುತ್ತದೆ. ಅದರಲ್ಲಿ ತುಪ್ಪದಲ್ಲಿ ಹಿಟ್ಟು ಹುರಿದು ಮಾಡಿದ ಸಿಹಿ ಶಿರ್ನಿ, ಒಂದು ಅನಾನಸ್ ಟಾರ್ಟ್, ಜೊತೆಗೆ ಅಂಗಡಿಯ ತಿಂಡಿ ಏನಾದರೂ. ಹಿಂದಿನ ದಿನವೇ ಹೆಂಗಸರು ಸುತ್ತ ಕೂತು, ಹರಟೆ ಹೊಡೆಯುತ್ತ, ದೊಡ್ಡ ಪ್ಯಾಕೆಟ್ಟುಗಳನ್ನು ಒಡೆದು ಚೀಲ ತುಂಬುತ್ತಾರೆ. ಖಾಲಿ ಪ್ಯಾಕೆಟ್ಟು ಕಸದ ಡಬ್ಬಕ್ಕೆ ಹೋಗುತ್ತದೆ. ಯಾರೂ ಅದನ್ನು ತಿರುಗಿಸಿ ನೋಡುವುದಿಲ್ಲ.

ಶಮೀಜಾ ತನ್ನ ತಾಯಿ ತೀರಿಹೋದ ನಲವತ್ತನೆಯ ದಿನದ ಕುರಾನ್ ಓದಿಗೆ ಮಾರ್ಷ್‌ಮ್ಯಾಲೋ ತಂದಳು. ಹಲ್ಲು ಹೋದ ಮೇಲೆ ಆ ತಾಯಿಗೆ ಈ ಮೆತ್ತನೆಯ ಮಿಠಾಯಿ ಎಂದರೆ ಪ್ರಾಣವಾಗಿತ್ತು. ಅಮ್ಮನ ಹೆಸರಲ್ಲಿ ಅಮ್ಮನಿಗೆ ಇಷ್ಟವಾದದ್ದನ್ನೇ ಹಂಚಬೇಕು ಎಂದು ಮಗಳ ಆಸೆ. ಹಂಚಿದಳು. ಎಲ್ಲರೂ ಹೊಗಳಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಜೋರೀನಾ ಪಾತ್ರೆ ತೊಳೆಯಲು ಬಂದಳು. ಮಸೀದಿಯ ಮಹಿಳಾ ಸಂಘದವಳು, ಯಾವುದನ್ನೂ ಓದದೆ ಬಿಡುವವಳಲ್ಲ. ಕಸ ಸುರಿಯುವಾಗ ಆ ನೀಲಿ ಪ್ಯಾಕೆಟ್ಟು ಕಣ್ಣಿಗೆ ಬಿತ್ತು.

"ಶಮೀಜಾ, ಇದನ್ನ ತಿರುಗಿಸಿ ಓದಿದ್ಯಾ?"

ಶಮೀಜಾಳ ಅಕ್ಕ ನಜ್ಮೂನ್ ಒಲೆ ಮುಂದಿನಿಂದಲೇ ನಕ್ಕಳು. "ಮಿಠಾಯಿಗೂ ನಿನ್ನ ಪರೀಕ್ಷೆನಾ ಜೋರೀನಾ? ಸಕ್ಕರೆನ ಯಾರಾದ್ರೂ ಬಿಸ್ಮಿಲ್ಲಾ ಹೇಳಿ ಕೊಯ್ತಾರಾ?"

"ಸಕ್ಕರೆ ಕೊಯ್ಯಲ್ಲ ದೀದಿ. ಆದ್ರೆ ಇದು ಇಷ್ಟು ಮೆತ್ತಗಿರೋದು ಜೆಲಟಿನ್‌ನಿಂದ. ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೀತಾರೆ. ಮೀನಿಂದಾದ್ರೆ ಸರಿ, ಹಲಾಲಾಗಿ ಕೊಯ್ದ ದನದ್ದಾದ್ರೂ ಸರಿ. ಇಲ್ಲಿ ನೋಡಿ, ಹಂದೀದು ಅಂತಾನೇ ಬರೆದಿದೆ."

ನಜ್ಮೂನಳ ನಗು ನಿಂತಿತು. ಶಮೀಜಾ ಪ್ಯಾಕೆಟ್ಟು ಕಿತ್ತುಕೊಂಡಳು. "ಅಮ್ಮ ಇದನ್ನೇ ತರ್ತಿದ್ಲಲ್ಲ! ಇದೇ ಹೆಸರು, ಇದೇ ಬಣ್ಣ!"

"ಅವರು ತರ್ತಿದ್ದದ್ರ ಮೂಲೇಲಿ ಹಲಾಲ್ ಮುದ್ರೆ ಇರ್ತಿತ್ತು, ನನಗೇ ತೋರಿಸಿದ್ರು. ಇದ್ರಲ್ಲಿ ಇಲ್ಲ. ಇದು ಬೇರೆ ದೇಶದ ಕಾರ್ಖಾನೇದು. ಹೆಸರು ಒಂದೇ ಆದ್ರೂ ಒಂದೊಂದು ಕಡೆ ಒಂದೊಂದು ಥರ ಮಾಡ್ತಾರೆ."

ಶಮೀಜಾ ಆ ಸಾಲನ್ನು ಬೆರಳಿಟ್ಟು ಓದಿದಳು. "ಅಮ್ಮನ ಹೆಸರಲ್ಲಿ ನಾನು ಏನು ಹಂಚಿಬಿಟ್ಟೆ!"

"ಸುಮ್ನಿರು," ನಜ್ಮೂನ್ ದನಿ ತಗ್ಗಿಸಿದಳು. "ಎಲ್ಲರ ಹೊಟ್ಟೆಗೂ ಹೋಗಾಯ್ತು. ಬಾಯಿ ಬಿಟ್ರೆ ಊರೆಲ್ಲ ಆಡ್ಕೊಳ್ಳುತ್ತೆ."

"ಎಲ್ಲರ ಹೊಟ್ಟೆಗೂ ಹೋಗಿಲ್ಲ ದೀದಿ. ಎಷ್ಟೋ ಮನೇಲಿ ಚೀಲ ಇನ್ನೂ ಹಾಗೇ ಇರುತ್ತೆ. ಗೊತ್ತಿಲ್ಲದೆ ತಿಂದೋರಿಗೆ ಪಾಪ ಇಲ್ಲ ಅಂತ ಇಮಾಮ್ ಸಾಹೇಬ್ರೂ ಹೇಳ್ತಾರೆ. ಗೊತ್ತಿದ್ದೂ ಸುಮ್ನಿದ್ದೋರಿಗೆ?"

ನಜ್ಮೂನ್ ಒಲೆ ಆರಿಸಿದಳು. ದುಪಟ್ಟಾ ತಲೆಗೆ ಹಾಕಿಕೊಂಡು ತಂಗಿಯ ಜೊತೆ ಹೊರಟಳು. ಮನೆಮನೆಗೂ ಹೋಗಿ ವಿಷಯ ಹೇಳಿದರು. ನಮ್ಮ ಮನೆಗೂ ಬಂದರು. ನಾನು "ಹೋಗ್ಲಿ ಬಿಡಮ್ಮ" ಅಂದೆ. ಹಾಗನ್ನುವುದು ನನಗೆ ಸುಲಭ, ನಮ್ಮ ಚೀಲ ಇನ್ನೂ ಬಿಚ್ಚಿರಲಿಲ್ಲ.

ಕೊನೆಗೆ ಖೈರೂನ್ ಚಾಚಿಯ ಮನೆ. ತಾಯಿಯ ಬಾಲ್ಯದ ಗೆಳತಿ. ಶಮೀಜಾ ಅಳುತ್ತಲೇ ಹೇಳಿದಳು. ಚಾಚಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿನ್ನೆ ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ ತಿಂದೆ. ನಿಮ್ಮಮ್ಮನ್ನ ನೆನೆಸ್ಕೊಂಡು ನಿಧಾನಕ್ಕೆ ತಿಂದೆ. ಅಳಬೇಡ, ನಿನ್ನ ಬಯ್ಯಲ್ಲ. ಬಂದು ಹೇಳಿದ್ಯಲ್ಲ, ಅಷ್ಟು ಸಾಕು. ಆದ್ರೆ ಮಗಾ, ನಿಮ್ಮ ಮನೇಲಿ ನಾನು ಯಾವತ್ತೂ ಕೇಳಿ ತಿಂದೋಳಲ್ಲ. ಇನ್ಮೇಲೆ ಕೇಳ್ಬೇಕಾಗುತ್ತಲ್ಲ."

ಬೈದಿದ್ದರೆ ಶಮೀಜಾಳಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ನಜ್ಮೂನ್ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಬಿಸ್ಕತ್ತಿನ ಪ್ಯಾಕೆಟ್ಟನ್ನೂ ಓದುತ್ತಾಳೆ. ಹಿಂದೆ ನಿಂತವರು ಗೊಣಗಿದರೆ "ಅವಸರ ಇದ್ರೆ ಮುಂದೆ ಹೋಗ್ರಪ್ಪ" ಅನ್ನುತ್ತಾಳೆ. ಆದರೆ ಈದ್ ದಿನ ಶಮೀಜಾ ಮನೆಯಲ್ಲೇ ಮಾಡಿದ ಶಾವಿಗೆ ಪಾಯಸ ಕೊಟ್ಟಾಗ, ಖೈರೂನ್ ಚಾಚಿ ಚಮಚ ಎತ್ತಿ, ಹಾಗೇ ತಡೆದು, ಮೆಲ್ಲಗೆ ಕೇಳಿದರು: "ಇದ್ರಲ್ಲಿ ಏನೇನಿದೆ ಮಗಾ?"

ಅಮ್ಮಂದಿರೇ, ಅಕ್ಕಂದಿರೇ, ಪ್ಯಾಕೆಟ್ಟನ್ನು ಒಡೆಯುವ ಮುನ್ನ ತಿರುಗಿಸಿ ಓದಿ. ಕಪಾಟಿನ ಮೇಲೆ ಅಂಗಡಿಯವ ಅಂಟಿಸಿದ ಚೀಟಿಯನ್ನಲ್ಲ, ಪ್ಯಾಕೆಟ್ಟಿನ ಮೇಲೇ ಇರುವ ಹಲಾಲ್ ಮುದ್ರೆಯನ್ನು ನೋಡಿ, ಆ ಮುದ್ರೆ ಕೊಟ್ಟ ಸಂಸ್ಥೆ ಯಾವುದೆಂದೂ ನೋಡಿ. ಜೆಲಟಿನ್, ಕೊಬ್ಬು ಎಂದು ಬರೆದಿದ್ದು, ಯಾವ ಪ್ರಾಣಿಯದೆಂದು ಹೇಳದಿದ್ದರೆ ಮಸೀದಿಯಲ್ಲಿ ವಿಚಾರಿಸಿ. ಅನುಮಾನ ಹೋಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಹೋದ ತಿಂಗಳು ತಂದದ್ದೇ ಎಂದು ನಂಬಬೇಡಿ, ಪ್ರತಿ ಸಲ ಓದಿ. ನಮ್ಮ ಮನೆಯ ತಟ್ಟೆ ಮುಂದೆ ಕೂತ ಹಿರಿಯರು ನಮ್ಮನ್ನು ಕೇಳಬೇಕಾದ ಪ್ರಶ್ನೆಯನ್ನು ನಾವೇ ಅಂಗಡಿಯಲ್ಲಿ ಕೇಳಿ ಬರೋಣ.