ಪಾದ ಮುಳುಗುವಷ್ಟು ನೀರು

ಏಯ್ ಡಾಸನ್, ಕಾವಿಗೆ ಕೂತ ಕೋಳಿ ಹಂಗೆ ಕೂತಿದ್ದೀಯಲ್ಲೋ, ಮರಿ ಎಷ್ಟಾಯ್ತು — ಹಾಲ್ವರ್ಸನ್ನನ ದನಿ ನೀರಿನ ಮೇಲೆ ಜಾರಿಕೊಂಡು ಬಂದು ನೇರ ಕಿವಿಗೇ ಬಿತ್ತು, ನಡುಹೊಳೆಯಲ್ಲಿ ಲಂಗರು ಹಾಕಿದ ಅವನ ದೋಣಿಯಲ್ಲಿ ಮೀನು ಹಿಡಿಯಲು ದುಡ್ಡು ಕೊಟ್ಟು ಬಂದ ಇಬ್ಬರು ಗಿರಾಕಿಗಳು ನಕ್ಕರು, ಹೊಸ ಟೋಪಿ, ಹೊಸ ಗಾಳ, ಮೂಗಿನ ತುಂಬ ಬಿಸಿಲಿಗೆ ಬಳಿದ ಬಿಳಿ ಮುಲಾಮು, ಅವರ ಹಿಂದೆ ಗಾಳಿ ತುಂಬಿದ ಟ್ಯೂಬುಗಳ ಮೇಲೆ ಅಂಗಾತ ತೇಲಿ ಬರುತ್ತಿದ್ದ ಕಾಲೇಜು ಹುಡುಗಿಯರೂ ನಕ್ಕರು, ಯಾಕೆಂದು ಗೊತ್ತಿಲ್ಲದೆಯೇ, ಬಿಯರ್ ಡಬ್ಬಿ ಎತ್ತಿ. ನಗಲಿ. ನಕ್ಕೊಂಡೇ ತೇಲಿ ಹೋಗಲಿ, ಮ್ಯಾಡಿಸನ್ ಹೊಳೆ ಮುಂದೆ ಇನ್ನೂ ಬೇಕಾದಷ್ಟಿದೆ. ಡಾಸನ್ನನ ಕೆನ್ನೆ ಉರಿಯಿತು, ಕಣ್ಣು ಮಾತ್ರ ಕದಲಲಿಲ್ಲ — ಪಕ್ಕದಲ್ಲೇ, ದಡದಿಂದ ನೀರಿಗೆ ಬಾಗಿದ ವಿಲೋ ಗಿಡದ ನೆರಳಲ್ಲಿ, ಪಾದ ಮುಳುಗುವಷ್ಟೇ ನೀರಲ್ಲಿ, ಒಂದು ಮೀನಿನ ಮೂತಿ ಮೇಲೆ ಬಂತು, ಬಿದ್ದ ಮಿಡತೆಯನ್ನು ಹೀರಿತು, ಇಳಿಯಿತು. ಅಂಗಿಗುಂಡಿಯಷ್ಟು ಉಂಗುರ, ಅಷ್ಟೇ. ಅದರ ಹಿಂದೆ ತೋಳುದ್ದದ ಟ್ರೌಟ್ ಮೀನಿದೆ ಅಂತ ಈ ಜಾತ್ರೆಯಲ್ಲಿ ಅವನೊಬ್ಬನಿಗೇ ಗೊತ್ತು. ಜಾತ್ರೆಯಲ್ಲದೆ ಇನ್ನೇನು, ಬೆಳಕು ಹರಿಯುವ ಮುಂಚೆ ಬಂದರೂ ಟ್ರಕ್ ನಿಲ್ಲಿಸಲು ಜಾಗವಿರಲಿಲ್ಲ, ಮೊದಲ ಸಲ ಬೀಸಿದ ದಾರ ಟೆಕ್ಸಸ್ಸಿನವನೊಬ್ಬನ ದಾರಕ್ಕೆ ಗಂಟು, ಬಿಡಿಸುವಷ್ಟರಲ್ಲಿ ಅವನ ಸಂಸಾರದ ಕತೆಯೆಲ್ಲ ಕೇಳಬೇಕಾಯಿತು, ಆಮೇಲೆ ಯಾರದೋ ನಾಯಿ ನೀರಿಗೆ ಹಾರಿತು, ಆಮೇಲೆ ಟ್ಯೂಬುಗಳು, ಒಂದರ ಮೇಲೆ ಹಾಡು, ಒಂದರ ಮೇಲೆ ಜಗಳ, ಬೆಳಗಿನಿಂದ ಗಾಳಕ್ಕೆ ಬಿದ್ದದ್ದು ಒಂದು ರಬ್ಬರ್ ಚಪ್ಪಲಿ, ಅದೂ ಎಡಗಾಲಿನದು. ಎಲ್ಲರೂ ದಡದ ತೆಳುನೀರನ್ನು ದಬದಬ ತುಳಿದುಕೊಂಡು ಆಳಕ್ಕೆ ಹೋಗುತ್ತಾರೆ, ಮೀನನ್ನು ತುಳಿದು ಮೀನು ಹುಡುಕೋ ಜನ, ಬಿಸಿಲಲ್ಲಿ ಅದು ನೆರಳಿಗೆ, ಮಿಡತೆ ಬೀಳೋ ಕಡೆಗೆ ಬರುತ್ತೆ ಅನ್ನೋ ಅರಿವು ಬೇಡವೇ ಇವರಿಗೆ. ಹೊಳೆ ಪಕ್ಕ ಸುಮ್ಮನೆ ಕೂತವನು ಬೆದರಿದ ಮೀನು ಮರಳಲಿ ಅಂತ ಆ ನೀರಿಗೆ ವಿಶ್ರಾಂತಿ ಕೊಡ್ತಿದ್ದಾನೆ, ಅವನನ್ನು ಸುತ್ತಿ ಹೋಗು ಅನ್ನುತ್ತಿದ್ದಳು ಗಾಳ ಹಿಡಿಯಲು ಕಲಿಸಿದ ವೆರ್ನಾ ಅತ್ತೆ, ಒಬ್ಬ ಕುದುರೆ ಕಟ್ಟಿದ ಕಂಬಕ್ಕೆ ಇನ್ನೊಬ್ಬ ತನ್ನದನ್ನ ಕಟ್ಟೋದುಂಟೇನೋ ಅನ್ನುತ್ತಿದ್ದಳು. ಅವಳು ಹೇಳಿದ ಇನ್ನೊಂದು ಮಾತು — ಅವನು ಮತ್ತೆ ನೀರಿಗೆ ಕೈ ಅದ್ದಿದ — ಮಣಿಕಟ್ಟು ನೋಯ್ಬೇಕು ಕಣೋ, ಅಷ್ಟು ತಣ್ಣಗಿರ್ಬೇಕು, ನೋಯಲಿಲ್ಲ ಅಂದ್ರೆ ದಾರ ಸುತ್ಕೋ, ಬೆಚ್ಚಗಿನ ನೀರಲ್ಲಿ ಸೆಣಸಿದ ಮೀನು ಬಿಟ್ಟರೂ ಉಳಿಯಲ್ಲ. ನೋಯಲಿಲ್ಲ. ಪಾತ್ರೆ ತೊಳೆದ ನೀರಿನ ಹಾಗಿತ್ತು. ನೀರು ಕಾದಿದೆ ಅಂತ ಮಧ್ಯಾಹ್ನ ಎರಡು ಗಂಟೆಗೆ ಸರ್ಕಾರದವರು ಹೊಳೆಗೇ ಬೀಗ ಹಾಕುತ್ತಾರೆ, ಆಮೇಲೆ ಯಾರೂ ಗಾಳ ಹಾಕುವಂತಿಲ್ಲ, ಅಲ್ಲಿಯವರೆಗೆ ಕಾನೂನು ಇವರ ಕಡೆ, ಸಾವು ಮೀನಿನ ಕಡೆ. ಆಗಲೇ ದಾರ ಕತ್ತರಿಸಿ ಸುತ್ತಿಟ್ಟಿದ್ದ, ಆಮೇಲೆ ವಿಚಿತ್ರ, ಮನಸ್ಸು ಹಗುರವಾಯಿತು, ಬರೀ ನೋಡುತ್ತಾ ಕೂರುವುದೂ ಹೊಟ್ಟೆ ತುಂಬಿಸುತ್ತದೆ ಅಂತ ಯಾರೂ ಹೇಳಿರಲಿಲ್ಲ, ಮೂತಿ, ಉಂಗುರ, ಮತ್ತೆ ಮೂತಿ. ಏನೋ ನೋಡ್ತಾ ಇದ್ದಾನಲ್ಲ ಅವನು, ಅಂದ ಒಬ್ಬ ಗಿರಾಕಿ, ಗಾಳದ ಕೋಲು ಎತ್ತಿ ದಡದ ಕಡೆ ಕಣ್ಣು ಕಿರಿದು ಮಾಡಿ. ಅವನಾ, ಅಂದ ಹಾಲ್ವರ್ಸನ್, ಅವನಿಗೇನು ಕಾಣುತ್ತೆ ಸಾರ್, ಒಂಬತ್ತನೇ ಕ್ಲಾಸಲ್ಲಿ ಕಪ್ಪು ಹಲಗೆನೇ ಕಾಣಲಿಲ್ಲ ಅಂತ ಎದ್ದು ಬಂದವನು, ಲೋ ಡಾಸನ್, ಮೀನಿದ್ರೆ ಹೇಳು, ಇಲ್ಲಾಂದ್ರೆ ಜಾಗ ಬಿಡು, ಬಾಯಲ್ಲೇನು ಲಾಡು ಇಟ್ಕೊಂಡಿದ್ದೀಯಾ. ಡಾಸನ್ನನ ಎದೆಯಲ್ಲಿ ಬೆಂಕಿ ಬಿತ್ತು, ಬಾ ತೋರಿಸ್ತೀನಿ ನಿನ್ನಪ್ಪನಂಥ ಮೀನನ್ನ, ಇಪ್ಪತ್ತು ವರ್ಷ ದೋಣಿಗೆ ಹುಟ್ಟು ಹಾಕಿದರೂ ನಿನಗೆ ಕಾಣದ್ದು ಇಲ್ಲಿ ನನ್ನ ಕಾಲ ಬುಡದಲ್ಲಿದೆ — ಮಾತು ನಾಲಗೆ ತುದಿಗೇ ಬಂದಿತ್ತು, ಅಂದುಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಎಲ್ಲರ ಕಣ್ಣೂ ವಿಲೋ ಕೆಳಗೆ ತಿರುಗುತ್ತಿತ್ತು, ಕಣ್ಣಿನ ಹಿಂದೆ ಬೂಟು, ಬೂಟಿನ ಹಿಂದೆ ಗಾಳ, ಈ ಬೆಚ್ಚನೆಯ ನೀರಲ್ಲಿ ಮೀನು ಎತ್ತಿ ಹಿಡಿದು ಒಂದು ಫೋಟೋ, ಆಮೇಲೆ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುವುದು. ಅವನು ಎದ್ದ. ನೀರಿಗೆ ನೆರಳು ಬೀಳದ ಹಾಗೆ ಮೆಲ್ಲಗೆ ಹಿಂದೆ ಸರಿದ, ಇಪ್ಪತ್ತು ಮಾರು ದೂರ ಹೋದ ಮೇಲೆ ಬೇಕೆಂದೇ ಕಲ್ಲು ಉರುಳಿಸಿ, ಪೊದೆ ಮುರಿದು, ರಸ್ತೆಯ ಏರು ಹತ್ತಿದ, ಅಷ್ಟೂ ಕಣ್ಣುಗಳನ್ನು ಬೆನ್ನಿಗೆ ಅಂಟಿಸಿಕೊಂಡು. ನೋಡಿ ಸಾರ್, ಬಾಲ ಮುದುರಿಕೊಂಡು ಹೋದ, ಅಂದ ಹಾಲ್ವರ್ಸನ್. ನಗು ಬಂತು, ಅವನಿಗೂ, ಒಳಗೊಳಗೇ, ಬೆಚ್ಚಗೆ. ನೋಡ್ರಪ್ಪಾ, ನನ್ನ ಬೆನ್ನನ್ನೇ ನೋಡಿ. ತಿರುಗದೆ ನಡೆದ, ಲಂಗರು ಎತ್ತುವ ಸರಪಳಿಯ ಸದ್ದು ಕೇಳಿಸಿತು, ಹುಟ್ಟು ನೀರಿಗೆ ಬಿದ್ದದ್ದು ಕೇಳಿಸಿತು, ಹೋಗ್ತಿದ್ದಾರೆ, ವಿಲೋ ಕೆಳಗೆ ಈಗ ಯಾರೂ ಇಲ್ಲ, ನೆರಳು, ಪಾದ ಮುಳುಗುವಷ್ಟು ನೀರು, ಒಂದು ಮಿಡತೆ ಜಾರುತ್ತದೆ, ಮೂತಿ —