ಮುಟ್ಟದೆ ಕಾದ ಬಿಲ್ಲು

ತೊಲೆಗೆ ಕಟ್ಟಿದ್ದ ಹಗ್ಗದ ಗಂಟು ಬಿಚ್ಚುತ್ತಿರಲಿಲ್ಲ. ಸಲಿಂಗ್ ಅಕ್ಕಿ ಡಬ್ಬದ ಮೇಲೆ ತುದಿಗಾಲಲ್ಲಿ ನಿಂತು ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದಳು. ವರ್ಷಗಟ್ಟಲೆಯ ಹೊಗೆಯ ಮಸಿ ಬಾಯಿಗೆ ಬಂತು. ಕೆಳಗೆ ಅವಳ ಸೋದರತ್ತೆ ಎಡಾಂಗ್ ಡಬ್ಬ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಕತ್ತಿ ಕೊಡ್ತೀನಿ, ಕೊಯ್ದುಬಿಡೇ ಅತ್ಲಾಗೆ," ಎಂದಳು ಅತ್ತೆ.

"ಇಪ್ಪತ್ತೆಂಟು ವರ್ಷ ಕಾದಿದೀನಿ ಅತ್ತೆ. ಇನ್ನೊಂದು ಗಳಿಗೆ ಕಾಯಕ್ಕಾಗಲ್ವಾ?"

ಹೊರಗೆ ಅಂಗಳದಲ್ಲಿ, ಸರ್ಕಾರಿ ಕಚೇರಿಯವರು ಧರ್ಮಕ್ಕೆ ಕೊಟ್ಟ ಬಿಳಿ ಪೆಟ್ಟಿಗೆಯಲ್ಲಿ ಅವಳ ಅಪ್ಪ ಮಲಗಿದ್ದ. ಪೆಟ್ಟಿಗೆ ಬಯಲಿನವರ ಅಳತೆಯದು. ಬೆಟ್ಟದ ಅಯೇತಾ ಬುಡಕಟ್ಟಿನ ಜನ ಗಿಡ್ಡ. ಅಪ್ಪನ ಕಾಲಿನಾಚೆ ಇನ್ನೊಂದು ಮಗು ಮಲಗುವಷ್ಟು ಜಾಗ ಉಳಿದಿತ್ತು. ಯಾರೋ ಅಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟಿದ್ದರು. ಊರೆಲ್ಲ ಅವನನ್ನು ಪಾನ್ ಸಲಿಂಗ್ ಎಂದೇ ಕರೆಯುತ್ತಿತ್ತು, ಅಂದರೆ ಸಲಿಂಗಳ ಅಪ್ಪ. ಚೊಚ್ಚಲ ಮಗು ಹುಟ್ಟಿದ ಮೇಲೆ ಈ ಬೆಟ್ಟದಲ್ಲಿ ಗಂಡಸಿಗೆ ಸ್ವಂತ ಹೆಸರಿನಿಂದ ಏನೂ ಕೆಲಸವಿಲ್ಲ. ಮೂರು ದಿನದಿಂದ ಇಸ್ಪೀಟು ಆಡುತ್ತ ಹೆಣ ಕಾದವರು ಈಗ ಎಲೆ ಮಡಚಿಟ್ಟು, ಕಾಫಿ ಹೀರುತ್ತ, ಅವಳು ಹೊರಬರುವುದನ್ನು ನೋಡುತ್ತಿದ್ದರು.

ಬಿಲ್ಲು ಬಾರದೆ ಪೆಟ್ಟಿಗೆ ಎತ್ತುವ ಹಾಗಿಲ್ಲ. ಗುಂಡಿಯ ತಲೆಯ ಕಡೆ ನಿಂತು, ಬಿಲ್ಲಿನ ಹೊಸ ಒಡೆಯ ಪಿನಟುಬೊ ಬೆಟ್ಟದ ಕಡೆಗೆ ಒಂದು ಬಾಣ ಬಿಡಬೇಕು. ಸತ್ತವನು ಆ ಬಾಣದ ಹಿಂದೆ ಹೋಗುತ್ತಾನೆ. ಇನ್ನೊಂದು ಕಟ್ಟಳೆಯೂ ಉಂಟು. ಬಿಲ್ಲು ಯಾರಿಗೆ ಬರಬೇಕೋ ಅವರು, ಒಡೆಯ ಬದುಕಿರುವ ತನಕ, ಅದಕ್ಕೆ ಬೆರಳು ತಾಗಿಸಬಾರದು. ತಾಗಿಸಿದರೆ ಅವನ ಸಾವನ್ನು ಕೂಗಿ ಕರೆದ ಹಾಗೆ. ಉಳಿದವರು ಮುಟ್ಟಬಹುದು, ಧೂಳು ಒರೆಸಬಹುದು, ಸೋರುವ ಮಾಡಿನಿಂದ ಸರಿಸಿ ಕಟ್ಟಬಹುದು. ಮನೆಯಲ್ಲಿ ಆ ಕೆಲಸವನ್ನು ತಮ್ಮ ನೋನಿಂಗ್ ಮಾಡುತ್ತಿದ್ದ. ಸಲಿಂಗ್ ಮಾತ್ರ ತೊಲೆಯ ಕೆಳಗೆ ಹಾದುಹೋಗುವಾಗಲೂ ಕೈಯನ್ನು ಮೈಗೆ ಒತ್ತಿಕೊಂಡೇ ಹೋಗುತ್ತಿದ್ದಳು.

ಗಂಟು ಬಿಚ್ಚಿತು. ತೊಗಟೆ ಬಟ್ಟೆಯ ಸುರುಳಿ ಹಗುರವಾಗಿ ಅವಳ ತೋಳಿಗೆ ಬಿತ್ತು. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು. ಆದರೂ ಇಳಿದು ಕೂತು, ಬಟ್ಟೆ ಬಿಡಿಸಿ, ಮೂಗಿನ ಹತ್ತಿರ ಹಿಡಿದಳು.

*

ಬೆಟ್ಟ ಬಾಯಿ ಬಿಟ್ಟು ಬೆಂಕಿ ಉಗುಳಿದ ವರ್ಷ ಅವಳಿಗೆ ಒಂಬತ್ತು. ಹಾಡಹಗಲೇ ಕತ್ತಲಾಗಿ, ಬೂದಿ ಸುರಿಯುತ್ತಿತ್ತು. ಅಪ್ಪ ಹಾಲು ಕುಡಿಯುವ ನೋನಿಂಗನನ್ನು ಎತ್ತಿಕೊಂಡ. ಆಗಿನ್ನೂ ಬದುಕಿದ್ದ ಅಮ್ಮ ಗಡಿಗೆಯನ್ನು ಹೊತ್ತಳು. ಬಿಲ್ಲನ್ನು ಕಂಬಳಿಯಲ್ಲಿ ಸುತ್ತಿ ಸಲಿಂಗಳ ಬೆನ್ನಿಗೆ ಕಟ್ಟಿದರು.

ಅದು ಅಪ್ಪನ ಅಜ್ಜನ ಅಜ್ಜ ಕಾಡುತಾಳೆಯ ಕೆಚ್ಚಿನಿಂದ ಕೆತ್ತಿದ್ದು. ಕಬ್ಬಿಣದ ಕಂಬಿಯಂತೆ ಭಾರ. ಅವಳಿಗಿಂತ ಎರಡು ಗೇಣು ಉದ್ದ. ಒಂದೊಂದು ಹೆಜ್ಜೆಗೂ ಅದರ ಕೆಳತುದಿ ಮೀನಖಂಡಕ್ಕೆ ಬಡಿಯುತ್ತಿತ್ತು, ಮೇಲ್ತುದಿ ಹೆಗಲನ್ನು ಒತ್ತುತ್ತಿತ್ತು. ಎರಡು ದಿನ ನಡೆದರು. ಬಯಲಿನ ಶಾಲೆಯ ಜಗುಲಿಯಲ್ಲಿ ಬಿಚ್ಚಿದಾಗ ಹೆಗಲ ಮೇಲೆ ಬಾಸುಂಡೆ ಎದ್ದಿತ್ತು.

ಅಪ್ಪ ಬಾಸುಂಡೆಯನ್ನು ನೋಡಿದ, ಕಂಬಳಿಯನ್ನು ನೋಡಿದ.

"ಕಂಬಳಿ ಜಾರ್ತಾ? ಕೈ ತಾಗ್ತಾ?"

"ಇಲ್ಲಪ್ಪ."

"ನನ್ನ ಕಾಲ ಆದ್ಮೇಲೆ ಇದು ನಿಂದು. ನೋನಿಂಗಂಗಲ್ಲ."

ಒಂಬತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಮಾತು ಯಾರು ತಾನೇ ಆಡಿಯಾರು.

*

"ಅತ್ತೆ, ಇದು ಯಾವುದು?"

"ಯಾವುದು ಅಂದ್ರೆ? ಬಿಲ್ಲು."

"ಬಸ್ಸಿನೋರಿಗೆ ಮಾರೋ ಬಿಲ್ಲು. ಮೂಸು ಬೇಕಾದ್ರೆ."

ಅತ್ತೆ ಮೂಸಲಿಲ್ಲ. ಬಿಸಿನೀರಿನ ಬುಗ್ಗೆಯ ಹತ್ತಿರ ಬಸ್ಸು ನಿಲ್ಲುವ ಕಡೆ, ಪ್ರವಾಸಿಗರಿಗೆಂದು ಅಪ್ಪ ಬಿದಿರು ಸೀಳಿ ಬಿಲ್ಲು ಕಟ್ಟುತ್ತಿದ್ದ. ಕರ್ರಗೆ ಹಳೆಯದರಂತೆ ಕಾಣಲೆಂದು ಅದಕ್ಕೆ ಬೂಟ್‌ಪಾಲಿಶ್ ಉಜ್ಜುವುದು ಸಲಿಂಗಳ ಕೆಲಸ. ಎಷ್ಟು ಸಾವಿರ ಉಜ್ಜಿದ್ದಾಳೋ ಲೆಕ್ಕವಿಲ್ಲ. ಗೋಡೆಗೆ ತೂಗುಹಾಕಲು ಮಾಡಿದ್ದು, ಎಳೆಯಲು ಅಲ್ಲ. ಅಪ್ಪನ ಎಡಗೈ ತೋರುಬೆರಳು ಅರ್ಧ ಹೋಗಿತ್ತು. ಹಾಗಾಗಿ ಬಿಲ್ಲಿನ ತುದಿ ಕೆತ್ತುವಾಗ ಅವನ ಚಾಕು ಯಾವಾಗಲೂ ಒಂದು ಪಕ್ಕಕ್ಕೆ ವಾಲುತ್ತಿತ್ತು. ಇದರ ತುದಿಯೂ ಹಾಗೇ ವಾಲಿತ್ತು. ಇದಕ್ಕೆ ಪಾಲಿಶ್ ಹಚ್ಚಿದವನೂ ಅವನೇ ಇರಬೇಕು, ಅಲ್ಲಲ್ಲಿ ಬಿಟ್ಟುಹೋಗಿತ್ತು.

"ಸತ್ತೋನ್ ಮೇಲೆ ಕೂಗಾಡ್ಬೇಡ ಕಣೇ," ಎಂದಳು ಅತ್ತೆ.

"ಕೂಗಾಡ್ತಿಲ್ಲ. ಕೇಳ್ತಿದೀನಿ. ನಮ್ಮ ಬಿಲ್ಲು ಎಲ್ಲಿ?"

ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮನಿಲಾದಿಂದ ಒಬ್ಬ ಬರ್ತಿರ್ಲಿಲ್ವಾ, ಬಿಳೀ ಟೋಪಿಯೋನು. ಹಳೇ ಬುಟ್ಟಿ ಇದ್ಯಾ, ಹಳೇ ಈಟಿ ಇದ್ಯಾ ಅಂತ. ಅವನಿಗೆ ಕೊಟ್ಟ."

"ಯಾವುದಕ್ಕೆ?"

"ಹಾಡೋ ಮಿಷನ್ನಿಗೆ."

*

ಆ ಸಲ ಅವಳು ಮೂರು ವಾರ ಬಯಲಿಗೆ ನಾಟಿ ಕೆಲಸಕ್ಕೆ ಹೋಗಿದ್ದಳು. ಹಿಂದಿರುಗಿ ಬರುವಾಗ ಗುಡ್ಡದ ತಿರುವಿನಲ್ಲೇ ಹಾಡು ಕೇಳಿಸಿತು. ಅಂಗಳದ ನಡುವೆ ಆಳೆತ್ತರದ ಪೆಟ್ಟಿಗೆ, ಅದರೊಳಗೆ ಟೀವಿ, ಕೈಗೊಂದು ಮೈಕು. ಊರಿನ ಹಿರಿಯ, ಅಪ್ಪನ ಬೇಟೆಯ ಜೊತೆಗಾರ ಟುಬಾಗ್ ದೊಡ್ಡಪ್ಪ, ಹಲ್ಲಿಲ್ಲದ ಬಾಯಲ್ಲಿ ಪ್ರೇಮಗೀತೆ ಹಾಡುತ್ತಿದ್ದ. ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು.

"ಯಾರು ಕೊಟ್ಟಿದ್ದಪ್ಪ?"

"ಓಟಿಗೆ ನಿಂತೋರು," ಎಂದ ಅಪ್ಪ. "ಹೋಗು, ನೀನೂ ಹಾಡು."

ಅವಳು ಮೂರು ಹಾಡು ಹಾಡಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ಅಪ್ಪನೇ. ಎರಡು ಮಳೆಗಾಲ ಕಳೆಯುವುದರೊಳಗೆ ಮಿಷನ್ ನೀರು ಕುಡಿದು ಸತ್ತಿತು. ಈಗ ಅದರ ಹೊಟ್ಟೆಯಲ್ಲಿ ಕೋಳಿ ಮೊಟ್ಟೆ ಇಡುತ್ತದೆ.

*

ಸಲಿಂಗ್ ಬೆರಳು ಮಡಚಿ ವರ್ಷ ಎಣಿಸಿದಳು. ಮಿಷನ್ ಬಂದದ್ದು ಮೊದಲು. ದೂರದ ತಾರ್ಲಾಕ್ ಕಡೆಯ ನಾರ್ಡಿಂಗ್ ಅವಳನ್ನು ಮದುವೆಗೆ ಕೇಳಿಕೊಂಡು ಬಂದದ್ದು ಆಮೇಲೆ, ಎರಡು ವರ್ಷ ಬಿಟ್ಟು. ಜೇನು ಕೀಳುವುದರಲ್ಲಿ ಎತ್ತಿದ ಕೈ, ಮಾತು ಕಡಿಮೆ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ಅವಳಿಗೆ ಹೋಗುವ ಮನಸ್ಸಿತ್ತು. ಬಟ್ಟೆ ಗಂಟನ್ನೂ ಕಟ್ಟಿದ್ದಳು.

ಅಪ್ಪ ಬೈಯಲಿಲ್ಲ. ಊಟದ ತಟ್ಟೆಯಿಂದ ತಲೆ ಎತ್ತಿ ತೊಲೆಯ ಕಡೆ ನೋಡಿದ. "ಹೋಗೋದಿದ್ರೆ ಹೋಗು ಮಗಳೇ. ಆದ್ರೆ ಬಿಲ್ಲಿಗೆ ಒಡತಿ ಆಗೋಳು ಈ ಬೆಟ್ಟ ಬಿಟ್ಟು ಬೇರೆ ಕಡೆ ಮನೆ ಮಾಡೋ ಹಾಗಿಲ್ಲ. ಅದು ನಿಂಗೂ ಗೊತ್ತು."

ಅವಳು ಗಂಟು ಬಿಚ್ಚಿ ಬಟ್ಟೆಯನ್ನು ಮತ್ತೆ ಹಗ್ಗಕ್ಕೆ ಹಾಕಿದಳು. ನಾರ್ಡಿಂಗ್ ಎರಡು ದಿನ ಕಾದು ಹೋದ. ಆ ಎರಡು ದಿನವೂ ತೊಲೆಯ ಮೇಲಿದ್ದದ್ದು ಬೂಟ್‌ಪಾಲಿಶ್ ಹಚ್ಚಿದ ಬಿದಿರು.

ಕೊಟ್ಟದ್ದನ್ನು ಅವಳು ಕ್ಷಮಿಸಿಯಾಳು. ಅವನ ಬಿಲ್ಲು, ಅವನು ಕೊಟ್ಟ. ಆದರೆ ಇಲ್ಲದ ಬಿಲ್ಲನ್ನು ತೋರಿಸಿ ಕಟ್ಟಿಹಾಕಿದ್ದನ್ನು ಹೇಗೆ ಕ್ಷಮಿಸಿಯಾಳು. ಎದ್ದುಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ಅವನನ್ನೇ ಕೇಳಬೇಕೆನಿಸಿತು. ಮುಟ್ಟಬೇಡ ಅಂದದ್ದು ನಿನ್ನ ಜೀವಕ್ಕೆ ಹೆದರಿಯೋ, ನನ್ನ ಮೂಗಿಗೆ ಹೆದರಿಯೋ?

"ಮತ್ಯಾರಿಗೆ ಗೊತ್ತು?"

"ನಾನೊಬ್ಳೇ," ಎಂದಳು ಅತ್ತೆ. "ನಮ್ಮಮ್ಮನಾಣೆ. ಹೇಳಿದ್ರೆ ನಿನ್ ಮನಸ್ಸು ಮುರಿಯುತ್ತೆ ಅಂತ..."

"ಮುರೀತು ಬಿಡು."

ಹೊರಗಿನಿಂದ ನೋನಿಂಗ್ ಕೂಗಿದ. "ಅಕ್ಕ, ಮೋಡ ಕಟ್ತಿದೆ. ಅಪ್ಪ ಬದುಕಿದ್ದಾಗ್ಲೂ ಹೊತ್ತಿಗೆ ಸರಿಯಾಗಿ ಹೊರಟೋನಲ್ಲ, ಈಗ್ಲಾದ್ರೂ ಹೊರಡಿಸು."

ಜನ ನಕ್ಕರು. ಸಲಿಂಗ್ ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಎಲ್ಲರೆದುರು ಇದನ್ನು ಎಸೆದು ನಿಜ ಹೇಳಬಹುದು. ಹೇಳಿದರೆ ಇವತ್ತಿನಿಂದ ಊರಲ್ಲಿ ಪಾನ್ ಸಲಿಂಗ್ ಎಂದರೆ ಆರು ತಲೆಮಾರಿನ ಬಿಲ್ಲನ್ನು ಹಾಡಿಗೆ ಮಾರಿದವನು. ಬಾಣವೂ ಇಲ್ಲದೆ ಅವನು ಗುಂಡಿಯ ದಂಡೆಯಲ್ಲೇ ನಿಂತುಬಿಡುತ್ತಾನೆ. ಎಷ್ಟಾದರೂ ಅಪ್ಪ. ಹೇಳಬಾರದು ಎಂದುಕೊಂಡಳು. ಅರ್ಧದಷ್ಟೇ ಎಳೆದರೆ ಬಿದಿರು ತಡೆದೀತು. ಬಾಣ ಗುಂಡಿಯಾಚೆಯ ಬಾಳೆಗಿಡ ದಾಟಿದರೆ ಸಾಕು, ಆಚೆ ಇಳಿಜಾರು, ಯಾರಿಗೂ ಕಾಣದು. ಅತ್ತೆ ಹೇಗೂ ಬಾಯಿ ಬಿಡುವುದಿಲ್ಲ.

ಕಣ್ಣೊರೆಸಿಕೊಂಡು ಹೊರಗೆ ಬಂದಳು.

*

ಪೆಟ್ಟಿಗೆ ಇಳಿಸಿದರು. ಮಣ್ಣು ಹಾಕುವ ಮೊದಲು ಟುಬಾಗ್ ದೊಡ್ಡಪ್ಪ ಗುಂಡಿಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

"ಪಾನ್ ಸಲಿಂಗ್ ಬೂದಿ ಮಳೇಲಿ ಇದನ್ನ ಬೆನ್ನ ಮೇಲೆ ಹೊತ್ಕೊಂಡು ಬಂದ," ಎಂದ. "ಹೊಟ್ಟೆಗಿಲ್ದೇ ಇದ್ದಾಗ್ಲೂ ಮಾರ್ಲಿಲ್ಲ. ಎಷ್ಟ್ ಜನ ಕೇಳಿದ್ರು. ಪ್ರಾಣ ಹೋದ್ರೂ ಕೊಡಲ್ಲ ಅಂದ."

"ಹೌದು, ಹೌದು," ಎಂದರು ಜನ.

ಸಲಿಂಗಳ ಹೆಗಲು ತನ್ನಷ್ಟಕ್ಕೆ ಸೆಟೆದುಕೊಂಡಿತು. ಅವಳು ಹಂದಿ ಬೇಟೆಯ ಬಾಣವನ್ನು ಹೂಡಿ, ಬೆಟ್ಟದ ಕಡೆ ತಿರುಗಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆದಳು.

ಅರ್ಧಕ್ಕೂ ಬರಲಿಲ್ಲ. ಬಿಲ್ಲು ಹಿಡಿಯ ಹತ್ತಿರ ಪಟ್ಟನೆ ಮುರಿಯಿತು. ಎರಡು ತುಂಡು ಹೆದೆಗೆ ಜೋತುಬಿದ್ದವು. ಬಾಣ ಪಕ್ಕಕ್ಕೆ ಜಾರಿ ಟುಬಾಗ್ ದೊಡ್ಡಪ್ಪನ ರಬ್ಬರ್ ಚಪ್ಪಲಿಯ ಹತ್ತಿರ ಬಿತ್ತು.

ಅಪ್ಪನ ಮಾನ ಹೋಯಿತು ಎಂದುಕೊಂಡಳು. ಏನೋ ಒಂದು ಸುಳ್ಳು ಹೇಳಬೇಕು, ಹಳೆಯ ಮರ, ಹುಳ ತಿಂದಿತ್ತು ಎಂದೋ ಏನೋ. ಮಾತು ಸಿದ್ಧಮಾಡಿಕೊಂಡು ತಲೆ ಎತ್ತಿದಳು.

ಒಬ್ಬರೂ ಅವಳನ್ನು ನೋಡುತ್ತಿರಲಿಲ್ಲ. ನೋನಿಂಗ್, ಅವನ ಹೆಂಡತಿ, ಇಸ್ಪೀಟಿನವರು, ಕಂಕುಳಲ್ಲಿ ಕೂಸಿದ್ದ ಹೆಂಗಸರು, ಎಲ್ಲರ ಮುಖವೂ ಒಟ್ಟಿಗೆ ಬೆಟ್ಟದ ಕಡೆ ಎದ್ದಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಹಾರುತ್ತಿರುವುದನ್ನು ಹಿಂಬಾಲಿಸುವ ಹಾಗೆ ಎಲ್ಲರ ಕುತ್ತಿಗೆಯೂ ನಿಧಾನವಾಗಿ ತಿರುಗುತ್ತಿತ್ತು.

"ದೂರ ಹೋಯ್ತು," ಎಂದ ನೋನಿಂಗ್.

"ಮೂರನೇ ಗುಡ್ಡ ದಾಟ್ತು," ಎಂದರು ಹಿಂದಿನಿಂದ ಯಾರೋ.

ಟುಬಾಗ್ ದೊಡ್ಡಪ್ಪ ಬೆಟ್ಟದಿಂದ ಕಣ್ಣು ಕೀಳದೆ, ಚಪ್ಪಲಿಯ ಕಾಲನ್ನು ಅಷ್ಟೇ ಅಷ್ಟು ಸರಿಸಿ ಬಾಣದ ಮೇಲಿಟ್ಟ. ಹಸಿ ಮಣ್ಣಿನೊಳಗೆ ಅದು ಹೂತುಹೋಗುವ ತನಕ ಒತ್ತುತ್ತಲೇ ಇದ್ದ.