ಡೊಮಿನಿಕ್‌ಗೆ ಸಿಕ್ಕಿದ ಬೈಗುಳ

ನನ್ನ ಗಂಡ ಪಾಸ್ಕಲ್‌ನ ಸಮಾಧಿಗೆ ಪ್ರತಿ ಭಾನುವಾರ ಸಂಜೆ ನಾನು ಹೋಗುತ್ತಿದ್ದದ್ದು ಪ್ರಾರ್ಥನೆಗಲ್ಲ, ಬೈಯಲಿಕ್ಕೆ. ಉಪ್ಪು ಮುಟ್ಟಲೇಬೇಡಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರೂ ಈ ಮಹಾಶಯ ಕದ್ದು ಒಣಮೀನು ಸುಟ್ಟು ತಿಂದ. ಸಿಟ್ಟಿನಲ್ಲಿ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ, ಮೇ ತಿಂಗಳ ಕೊನೆಗೆ, ಅವನೇ ಹೋಗಿಬಿಟ್ಟ. ರಾಜಿಯಾಗಲಿಕ್ಕೂ ಪುರುಸೊತ್ತು ಕೊಡಲಿಲ್ಲ.

ಅಂದಿನಿಂದ ದೇವರ ಜೊತೆಗೂ ನನ್ನ ಮಾತು ಬಂದ್. ಆದರೆ ಒಳಗೊಳಗೇ ಹೆದರಿಕೆ. ಮಕ್ಕಳಿಲ್ಲದ ಮನೆ, ನಾನಲ್ಲದಿದ್ದರೆ ಅವನಿಗಾಗಿ ದೇವರಲ್ಲಿ ಬೇಡುವವರು ಯಾರು? ಬೇಡಬೇಕೆಂದೇ ಬಾಯಿ ತೆರೆಯುತ್ತಿದ್ದೆ, ಬರುತ್ತಿದ್ದದ್ದು ಬೈಗುಳ.

ನವೆಂಬರ್ ಎರಡು, ಸತ್ತವರನ್ನು ನೆನೆಯುವ ದಿನ. ಕಾಪುವಿನ ಹತ್ತಿರದ ನಮ್ಮ ಇಗರ್ಜಿಯ ಹಿಂದೆ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ನಿಂತಿದ್ದೆವು. ಫಾದರ್ ಸಮಾಧಿಗಳ ಸಾಲಿನ ಪಟ್ಟಿ ನೋಡಿ ಹೆಸರು ಓದುತ್ತಾ, ತೀರ್ಥ ಚಿಮುಕಿಸುತ್ತಾ ಬಂದರು. ನನ್ನೆದುರಿನ ಸಮಾಧಿಗೆ ಡೊಮಿನಿಕ್ ಎಂದರು. ಪಕ್ಕದಲ್ಲಿ ಡೊಮಿನಿಕ್‌ನ ಹೆಂಡತಿ ಆಂಜೆಲಾ ನಿಂತಿದ್ದ ಕಡೆಗೆ ಪಾಸ್ಕಲ್ ಎಂದರು.

ಹುಲ್ಲು ಕೊಯ್ಯುವ ದೇಜಪ್ಪ ತಲೆ ಕೆರೆದುಕೊಂಡ. ಜೂನ್ ತಿಂಗಳ ಗಾಳಿಗೆ ಬಿದ್ದ ಮರದ ಶಿಲುಬೆಗಳಿಗೆ ಬಣ್ಣ ಬಳಿದು ಪುನಃ ನೆಟ್ಟವನು ಅವನೇ. ನಮ್ಮಿಬ್ಬರ ಗಂಡಂದಿರ ಶಿಲುಬೆಗಳು ಅದಲುಬದಲಾಗಿದ್ದವು. ಮಣ್ಣಿನ ದಿಬ್ಬಗಳೂ ಮಳೆಗೆ ಕರಗಿ ಸಪಾಟಾಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಅಯ್ಯೋ ದೇವರೇ, ಐದು ತಿಂಗಳು ನಾನು ಬೈದದ್ದು ಯಾರದೋ ಗಂಡನಿಗೆ. ನಾಚಿಕೆ ಬಿಟ್ಟು ಆಂಜೆಲಾಳ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವಳು ಸ್ವಲ್ಪ ಯೋಚಿಸಿ, ತನ್ನವರಿಗೆ ಒಣಮೀನಿನ ವಾಸನೆಯೇ ಆಗುತ್ತಿರಲಿಲ್ಲ, ಕುಡಿತಕ್ಕೆ ಬೈದಿದ್ದರೆ ಸರಿಹೋಗುತ್ತಿತ್ತು, ತನಗಂತೂ ಧೈರ್ಯ ಬರಲಿಲ್ಲ ಎಂದಳು.

"ನೀವು ಇಲ್ಲಿ ಎಂತ ಮಾಡ್ತಿದ್ದಿರಿ?" ಎಂದು ಕೇಳಿದೆ.

"ಎಂತ ಮಾಡುವುದು ಐರಿನ್‌ಬಾಯಿ? ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಒಂದು ಇಡೀ ಜಪಮಾಲೆ ಹೇಳ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ."

ಒಂದು ದಿನವೂ. ನಾನು ಮುಖ ತಿರುಗಿಸಿ ಕೂತಿದ್ದ ಅಷ್ಟೂ ದಿನ ದೇವರು ನನ್ನ ಪಾಸ್ಕಲ್‌ನನ್ನು ಅನಾಥ ಮಾಡಿರಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತು, ಅವನು ಹೋದ ಮೇಲೆ ಮೊದಲ ಸಲ ಮನಸಾರೆ ಅತ್ತೆ.

ಆಂಜೆಲಾ ಜಾಗ ಬದಲಿಸಲು ತನ್ನ ಮೇಣದಬತ್ತಿ ಎತ್ತಿಕೊಂಡಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, ಡೊಮಿನಿಕ್‌ನ ಎದುರು ಮೊಣಕಾಲೂರಿದೆ.

"ಇವತ್ತು ಇವರಿಗೆ ಜಪಮಾಲೆ ನಾನು ಹೇಳ್ತೇನೆ," ಎಂದೆ. "ನನ್ನವನಿಗೆ ನೀವೇ ಹೇಳಿ. ಅವನಿಗೆ ನಿಮ್ಮ ಸ್ವರ ಅಭ್ಯಾಸ ಉಂಟಲ್ವಾ."